ಹಡಗು ವಿಹಾರ: ಟಿಕೆಟ್ಟಿನ ಬೆಲೆ ಬೇರೆ, ತಗಲುವ ವೆಚ್ಚ ಬೇರೆ

ಲೆಕ್ಕಪರಿಶೋಧನೆಯ ವೇಳೆ ಕಕ್ಷಿದಾರರೊಬ್ಬರ ಕಡತದಲ್ಲಿ ಒಂದು ಬಿಲ್ಲು ನನ್ನ ಗಮನ ಸೆಳೆಯಿತು. ಮಾರಾಟದ ಗುರಿ ಮುಟ್ಟಿದ ಹನ್ನೆರಡು ಮಂದಿ ಡೀಲರುಗಳನ್ನು ಅವರು ದಂಪತಿಸಮೇತ ವಿದೇಶಿ ಹಡಗು ವಿಹಾರಕ್ಕೆ ಕಳುಹಿಸಿದ್ದರು. ಮೂರು ಕಂಪನಿಗಳಿಂದ ದರಪಟ್ಟಿ ತರಿಸಿ, ಅತಿ ಕಡಿಮೆ ದರದ್ದನ್ನೇ ಆರಿಸಿದ್ದರು. ಆದರೆ ಎಲ್ಲ ಕೋಣೆಗಳ ಖಾತೆಯನ್ನೂ ಸಂಸ್ಥೆಯ ಒಂದೇ ಕ್ರೆಡಿಟ್ ಕಾರ್ಡಿಗೆ ಜೋಡಿಸಿದ್ದರಿಂದ, ಹಡಗಿನೊಳಗಿನ ಖರ್ಚು ಟಿಕೆಟ್ಟಿನ ಮೊತ್ತದ ಮುಕ್ಕಾಲು ಪಾಲಿಗೆ ಬಂದು ನಿಂತಿತ್ತು. ಇದರಲ್ಲಿ ವಂಚನೆಯೇನೂ ಇರಲಿಲ್ಲ. ಪ್ರತಿ ಚೀಟಿಗೂ ಸಹಿಯಿತ್ತು. ಕಚ್ಚಾ ಸಾಮಗ್ರಿ ತರಿಸುವಾಗ ಸಾಗಣೆ, ವಿಮೆ, ಸುಂಕಗಳನ್ನೆಲ್ಲ ಕೂಡಿಸಿ ಗೋದಾಮು ತಲುಪಿದ ಬೆಲೆಯನ್ನು ಬಾಯಿಲೆಕ್ಕದಲ್ಲಿ ಹೇಳಬಲ್ಲ ಆ ಉದ್ಯಮಿ, ಹಡಗಿನ ವಿಷಯದಲ್ಲಿ ಮಾತ್ರ ಬೀಜಕದ ಮೊದಲ ಸಾಲನ್ನೇ ನಂಬಿದ್ದರು.

ಈ ಉದ್ಯಮದ ಲಾಭ ಎಲ್ಲಿಂದ ಹುಟ್ಟುತ್ತದೆಂಬುದನ್ನು ಮೊದಲು ನೋಡಬೇಕು. ಮಿತದರದ ಹಡಗುಗಳಿಗೆ ಹೆಸರಾದ ಕಾರ್ನಿವಲ್ ಸಮೂಹದ 2023ರ ಒಟ್ಟು ವರಮಾನ ಸುಮಾರು 21.6 ಶತಕೋಟಿ ಡಾಲರ್. ಅದರಲ್ಲಿ ಸುಮಾರು 7.5 ಶತಕೋಟಿ, ಅಂದರೆ ಮೂರನೆಯ ಒಂದು ಪಾಲಿಗೂ ಮೀರಿ, ಟಿಕೆಟ್ಟಿನಿಂದ ಬಂದುದಲ್ಲ. ಮದ್ಯ, ಜೂಜು, ದಡದ ಪ್ರವಾಸ, ಅಂತರ್ಜಾಲ ಮುಂತಾದ ಬಾಬುಗಳಿಂದ ಬಂದುದು. ಟಿಕೆಟ್ಟು ಗಿರಾಕಿಯನ್ನು ಅಂಗಡಿಯೊಳಕ್ಕೆ ಕರೆತರುತ್ತದೆ, ವ್ಯಾಪಾರ ನಡೆಯುವುದು ಒಳಗೆ.

ಇದಕ್ಕೆ ವಿರುದ್ಧವಾದುದು ಎಲ್ಲವೂ ಸೇರಿದ ದರ. ರೀಜೆಂಟ್ ಸೆವೆನ್ ಸೀಸ್, ಸಿಲ್ವರ್‌ಸೀ, ಸೀಬೋರ್ನ್ ಕಂಪನಿಗಳಲ್ಲಿ ಪಾನೀಯ, ಟಿಪ್ಸ್, ಅಂತರ್ಜಾಲ ಟಿಕೆಟ್ಟಿನಲ್ಲೇ ಅಡಕವಾಗಿರುತ್ತವೆ. ರೀಜೆಂಟ್‌ನಲ್ಲಿ ದಡದ ಪ್ರವಾಸಗಳಲ್ಲಿ ಬಹುಪಾಲೂ ಸೇರಿರುತ್ತವೆ. ವಿಶೇಷವೆಂದರೆ, ಸೀಬೋರ್ನ್ ಇದೇ ಕಾರ್ನಿವಲ್ ಸಮೂಹಕ್ಕೆ, ಸಿಲ್ವರ್‌ಸೀ ರಾಯಲ್ ಕೆರಿಬಿಯನ್ ಸಮೂಹಕ್ಕೆ, ರೀಜೆಂಟ್ ನಾರ್ವೇಜಿಯನ್ ಸಮೂಹಕ್ಕೆ ಸೇರಿದವು. ಒಂದೇ ಯಜಮಾನರ ಎರಡು ಬಗೆಯ ಬೆಲೆ ನಿಗದಿ ಇದು.

ಉದಾಹರಣೆಗಾಗಿ ಏಳು ರಾತ್ರಿಯ ಒಂದು ಯಾನವನ್ನು ತೆಗೆದುಕೊಳ್ಳೋಣ. ಮಿತದರದ ಹಡಗಿನಲ್ಲಿ ದಂಪತಿಗಳ ಟಿಕೆಟ್ 1,400 ಡಾಲರ್ ಎಂದಿಟ್ಟುಕೊಂಡರೆ, ತಲೆಗೆ ದಿನಕ್ಕೆ 17 ಡಾಲರಿನಂತೆ ಟಿಪ್ಸ್ 238, ದಿನಕ್ಕೆ 70ರಂತೆ ಇಬ್ಬರಿಗೂ ಪಾನೀಯದ ಪ್ಯಾಕೇಜ್ 980, ಅಂತರ್ಜಾಲ 140, ಎರಡು ದಡದ ಪ್ರವಾಸ 320. ಒಟ್ಟು 3,078. ಎಲ್ಲವೂ ಸೇರಿದ ಹಡಗಿನಲ್ಲಿ ಅದೇ ದಂಪತಿಗಳಿಗೆ 8,400 ತಗಲೀತು. ಜಾಹೀರಾತಿನಲ್ಲಿ ಆರು ಪಟ್ಟಿದ್ದ ಅಂತರ ವಾಸ್ತವದಲ್ಲಿ ಮೂರು ಪಟ್ಟಿಗಿಂತ ಕೆಳಗಿಳಿಯಿತು. ಉಳಿದ ಅಂತರಕ್ಕೆ ಸಿಗುವುದು ಮುಖ್ಯವಾಗಿ ಸ್ಥಳಾವಕಾಶ. ರಾಯಲ್ ಕೆರಿಬಿಯನ್‌ನ ಐಕಾನ್ ಆಫ್ ದಿ ಸೀಸ್ ಕೋಣೆಗಿಬ್ಬರಂತೆ 5,610 ಮಂದಿಯನ್ನು ಹೊತ್ತರೆ, ರೀಜೆಂಟ್‌ನ ಸೆವೆನ್ ಸೀಸ್ ಎಕ್ಸ್‌ಪ್ಲೋರರ್ ಹೊರುವುದು ಸುಮಾರು 750 ಮಂದಿಯನ್ನು.

ಇನ್ನು ಮದ್ಯ ಮುಟ್ಟದ ದಂಪತಿಗಳ ಲೆಕ್ಕ. ಅವರಿಗೆ ಮಿತದರದ ಹಡಗು 2,098 ಡಾಲರಿಗೆ ಮುಗಿಯುತ್ತದೆ. ಅಂತರ ಮತ್ತೆ ನಾಲ್ಕು ಪಟ್ಟಾಗುತ್ತದೆ. ಎಲ್ಲವೂ ಸೇರಿದ ದರ ಕೊಟ್ಟ ಸಸ್ಯಾಹಾರಿ, ಪಾನನಿರೋಧಿ ಪ್ರಯಾಣಿಕ ಪಕ್ಕದ ಮೇಜಿನವರ ಷಾಂಪೇನಿಗೆ ಪಾಲುಗಾರನಾಗುತ್ತಾನೆ. ಮಿತದರದ ಹಡಗಿನಲ್ಲಿ ಇದು ತಿರುಗುಮುರುಗು: ಕುಡಿಯುವವರ ಬಿಲ್ಲೇ ಅವನ ಟಿಕೆಟ್ಟನ್ನು ಅಗ್ಗವಾಗಿಸಿರುತ್ತದೆ. ಆದುದರಿಂದ ಕುಟುಂಬಸಮೇತ ಸ್ವಂತ ಖರ್ಚಿನಲ್ಲಿ ಹೊರಡುವ ನಮ್ಮ ಸದಸ್ಯರಲ್ಲಿ ಹೆಚ್ಚಿನವರಿಗೆ ಮಿತದರದ ಹಡಗೇ ಲಾಭಕರವೆಂಬುದು ನನ್ನ ಅಭಿಪ್ರಾಯ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಕಾರ್ನಿವಲ್ ಹಡಗಿನಲ್ಲಿ ಮದ್ಯದ ಪ್ಯಾಕೇಜನ್ನು ಒಬ್ಬರು ಕೊಂಡರೆ ಅದೇ ಕೋಣೆಯ ಇತರ ವಯಸ್ಕರೂ ಕೊಳ್ಳಬೇಕೆಂಬ ನಿಯಮವಿದೆ. ಪತಿಯೊಬ್ಬನೇ ಕುಡಿಯುವ ಮನೆಯವರು ಪ್ಯಾಕೇಜ್ ಬಿಟ್ಟು ಬಿಡಿಯಾಗಿ ಕೊಳ್ಳುವುದು ಮೇಲು.

ಡೀಲರುಗಳ ಪ್ರವಾಸದಲ್ಲಿ ಸನ್ನಿವೇಶವೇ ಬೇರೆ. ಅಲ್ಲಿ ಖರ್ಚು ಮಾಡುವವರು ಅತಿಥಿಗಳು, ಭರಿಸುವವರು ತಾವು. ಬಂದವರಿಗೆ ಒಂದು ಲೋಟಕ್ಕೆ ಸಹಿ ಹಾಕಬೇಡಿರೆಂದು ಹೇಳುವ ಬಾಯಿ ಯಾವ ಉತ್ಪಾದಕರಿಗೂ ಬರುವುದಿಲ್ಲ. ಇಲ್ಲಿ ಮೊದಲೇ ನಿಶ್ಚಿತವಾಗುವ ಮೊತ್ತಕ್ಕೆ ತನ್ನದೇ ಬೆಲೆಯಿದೆ. ಅತಿ ದುಬಾರಿ ಹಡಗಿಗೆ ಹೋಗಬೇಕೆಂದಿಲ್ಲ. ಮಿತದರದ ಹಡಗಿನಲ್ಲೇ ಟಿಪ್ಸ್, ಒಂದು ದಡದ ಪ್ರವಾಸ, ಬೇಕಿದ್ದವರಿಗೆ ಪಾನೀಯದ ಪ್ಯಾಕೇಜ್ ಇವಿಷ್ಟನ್ನು ಮುಂಗಡವಾಗಿ ಪಾವತಿಸಿ, ಕೋಣೆಯ ಖಾತೆಯನ್ನು ಅತಿಥಿಯ ಸ್ವಂತ ಕಾರ್ಡಿಗೆ ಜೋಡಿಸಿದರೆ ಸಾಕು.

ತೆರಿಗೆಯ ಪ್ರಶ್ನೆಯೂ ಇಲ್ಲಿ ತಲೆಯೆತ್ತುತ್ತದೆ. 1961ರ ಆದಾಯ ತೆರಿಗೆ ಕಾಯಿದೆಯಲ್ಲಿ 194ಆರ್ ವಿಧಿಯಾಗಿ 2022ರ ಜುಲೈ 1ರಂದು ಜಾರಿಗೆ ಬಂದ ನಿಯಮದಂತೆ, ವ್ಯಾಪಾರದ ಸಂಬಂಧವಾಗಿ ಒಬ್ಬರಿಗೆ ವರ್ಷದಲ್ಲಿ 20,000 ರೂಪಾಯಿ ಮೀರಿದ ಸೌಲಭ್ಯ ಒದಗಿಸಿದಲ್ಲಿ ಶೇ. 10ರಷ್ಟು ತೆರಿಗೆ ಮುರಿಯತಕ್ಕದ್ದು. ಸೌಲಭ್ಯ ನಗದಿನಲ್ಲಿಲ್ಲದಾಗ, ತೆರಿಗೆ ಪಾವತಿಯಾಗಿದೆಯೆಂದು ಖಚಿತಪಡಿಸಿಕೊಂಡ ನಂತರವೇ ಅದನ್ನು ಒದಗಿಸಬೇಕು. ಮೊತ್ತ ಮೊದಲೇ ಗೊತ್ತಿದ್ದರೆ ಇದು ಸುಲಭ. ನಮ್ಮ ಕಕ್ಷಿದಾರರ ಡೀಲರುಗಳು ಊರಿಗೆ ಮರಳಿದ ಮೇಲೆ ಹಡಗಿನ ಬಿಲ್ಲು ಬಂದಿತು. ಯಾರ ಪಾಲಿಗೆ ಎಷ್ಟೆಂದು ಹಂಚಲು ಹನ್ನೆರಡು ಕೋಣೆಗಳ ಚೀಟಿಗಳನ್ನು ಬಿಡಿಸಿ ಕೂರಬೇಕಾಯಿತು. ಕೊನೆಗೆ ಹೆಚ್ಚುವರಿ ತೆರಿಗೆಯನ್ನೂ ಅವರೇ ಕೈಯಿಂದ ಕಟ್ಟಿದರು. ಡೀಲರರನ್ನು ಕೇಳಲು ಅವರಿಗೆ ಸಂಕೋಚ.

ಎರಡೂ ಬಗೆಯ ದರದಲ್ಲಿ ಸೇರದೆ ಉಳಿಯುವ ಬಾಬುಗಳಲ್ಲಿ ಮುಖ್ಯವಾದುದು ಹಡಗಿನ ವೈದ್ಯರ ಶುಲ್ಕ. ಇಲ್ಲಿನ ಸಾಮಾನ್ಯ ಮೆಡಿಕ್ಲೇಮ್ ಪಾಲಿಸಿ ಅಲ್ಲಿಗೆ ಸಾಲದು. ಪ್ರತ್ಯೇಕ ಪ್ರವಾಸ ವಿಮೆ ಮಾಡಿಸತಕ್ಕದ್ದು. ಹೊರಟ ಬಂದರಿಗೇ ಹಡಗು ಮರಳುವ ಯಾನಗಳಲ್ಲಿ ಆ ದೇಶಕ್ಕೆ ಎರಡನೆಯ ಬಾರಿ ಪ್ರವೇಶಿಸಬೇಕಾಗುವುದರಿಂದ, ಬಹು ಪ್ರವೇಶದ ವೀಸಾ ಕೈಯಲ್ಲಿದೆಯೇ ಎಂಬುದನ್ನೂ ಮುಂಗಡ ಕೊಡುವ ಮೊದಲೇ ನೋಡಿಕೊಳ್ಳಬೇಕು.