ಕೋಲು ಹಿಡಿದವನು ಏನು ಬಾರಿಸುತ್ತಾನೆ?

“ಅಜ್ಜಾ, ಇಲ್ಲೆ ಎಲ್ಲಾರೂ ಏನರೆ ಬಾರ್ಸಾಕತ್ತಾರ. ನಡುವ ನಿಂತಾವ ಮಾತ್ರ ಬರೇ ಕೋಲ ಬೀಸಾಕತ್ತಾನ. ಅವಂಗ್ಯಾಕ ಎಲ್ಲಾರಕಿಂತ ಹೆಚ್ಚ ಚಪ್ಪಾಳಿ?”

ಆರನೇ ಇಯತ್ತೆ ಓದುವ ನನ್ನ ಮೊಮ್ಮಗಳು ಮೊಬೈಲನ್ನು ನನ್ನ ಕಣ್ಣೆದುರು ಹಿಡಿದು ಕೇಳಿದಳು. ಅದರಲ್ಲಿ ಯುರೋಪಿನ ಒಂದು ದೊಡ್ಡ ಆರ್ಕೆಸ್ಟ್ರಾ ನಡೆದಿತ್ತು. ಸಾಲುಸಾಲು ಪಿಟೀಲು, ಹಿಂದೆ ಕೊಳಲು, ಕಹಳೆ, ನಗಾರಿ. ಎಲ್ಲರ ಮುಂದೆ ಸಣ್ಣ ಕೋಲು ಹಿಡಿದ ಕಂಡಕ್ಟರ್.

“ನಮ್ಮ ಬಸ್ಸಿನ ಕಂಡಕ್ಟರ್ ಟಿಕೀಟಾದ್ರೂ ಕೊಡ್ತಾನ!” ಎಂದಳು. ನಕ್ಕೆವು. ಆದರೆ ಅವಳ ಪ್ರಶ್ನೆಯ ಹಿಂದೆ ಒಂದು ನೋವಿತ್ತು. ಡಿಸೆಂಬರಿನಲ್ಲಿ ಅವಳ ಶಾಲೆಯ ಗ್ಯಾದರಿಂಗಿನಲ್ಲಿ ಝಾಂಜ್ ಮೇಳ ಇತ್ತು. ಮೊದಲು ಚಂದವೇ ಬಂತು. ಆಮೇಲೆ ಒಬ್ಬರಿಗಿಂತ ಒಬ್ಬರು ಜೋರು ಮಾಡಿದರು. ಹಲಗೆ ಮುಂದೆ ಓಡಿತು, ಝಾಂಜ್ ಹಿಂದೆ ಉಳಿಯಿತು. ನಡುವೆಯೇ ನಿಲ್ಲಿಸಬೇಕಾಯಿತು. ಅಂದು ಮನೆಗೆ ಬಂದವಳೇ, “ನಾ ಇನ್ನ ಬಾರ್ಸೂದಿಲ್ಲ” ಎಂದು ಮುಸುಕು ಹಾಕಿಕೊಂಡು ಮಲಗಿದ್ದಳು.

ಕಂಡಕ್ಟರ್ ಬಗ್ಗೆ ನನಗೆ ಗೊತ್ತಿದ್ದಷ್ಟು ಹೇಳಿದೆ. ಆತನ ಬಲಗೈ ಸಾಮಾನ್ಯವಾಗಿ ತಾಳ ತೋರಿಸುತ್ತದೆ. ಎಡಗೈ ‘ಈಗ ಮೆಲ್ಲಗೆ’, ‘ಈಗ ಜೋರು’, ‘ಈಗ ನೀನು ಶುರು ಮಾಡು’ ಎಂದು ಹೇಳುತ್ತದೆ. ಹಿಂದೆ ಕೆಲವರು ಉದ್ದನೆಯ ಕೋಲನ್ನು ನೆಲಕ್ಕೆ ಕುಟ್ಟಿ ತಾಳ ಹಾಕುತ್ತಿದ್ದರು. ಫ್ರಾನ್ಸಿನ ಲುಲ್ಲಿ ಎಂಬ ಸಂಗೀತಗಾರ 1687ರಲ್ಲಿ ಹಾಗೆ ಕುಟ್ಟುವಾಗ ಕೋಲು ತನ್ನ ಕಾಲಿಗೇ ಬಡಿದು, ಗಾಯ ಕೀವಾಗಿ, ಕೊನೆಗೆ ಅದರಿಂದಲೇ ತೀರಿಕೊಂಡ.

“ಅಯ್ಯಯ್ಯ!” ಎಂದಳು. “ಮತ್ತ ಕೋಲ ಇಲ್ದ ಬಾರ್ಸೂದು ಹೆಂಗ?”

“ಬಾರಿಸೋರನ್ನ ಕೇಳೂಣು, ನಡಿ” ಎಂದೆ.

ಬಾದಾಮಿಯ ಬಂಡೆಯಲ್ಲಿ

ಬಾಗಲಕೋಟೆಯ ನವನಗರದಿಂದ ಬಸ್ಸು ಹತ್ತಿ ಬಾದಾಮಿಗೆ ಹೋದೆವು. ಬನದ ಹುಣ್ಣಿಮೆ ಮುಗಿದು, ಬನಶಂಕರಿ ಜಾತ್ರೆ ಇನ್ನೂ ತುಂಬಿ ತುಳುಕುತ್ತಿತ್ತು. ಜಾತ್ರೆಗೆ ಮೊದಲು ಗುಹೆಗಳನ್ನು ನೋಡಿದೆವು. ಮೊದಲನೇ ಗುಹೆಯ ಬಾಗಿಲ ಬಳಿ ಹದಿನೆಂಟು ಕೈಗಳ ನಟರಾಜ ಇದ್ದಾನಲ್ಲ, ಅವನ ಕೈಗಳನ್ನು ಎಣಿಸದೆ ಹೋಗುವ ಮಗುವಿಲ್ಲ. ನನ್ನ ಮೊಮ್ಮಗಳೂ ಎಣಿಸಿದಳು.

“ಕೈ ಎಣಿಸಿದಿ, ಬಾಜೂಕ ನೋಡಿದೇನು?” ಎಂದೆ. ಪಕ್ಕದಲ್ಲಿ ಪುಟ್ಟ ಗಣಪತಿ, ಅವನ ಜೊತೆಗೆ ಮದ್ದಳೆ ಬಾರಿಸುವವನು. ಸುಮಾರು 1400 ವರ್ಷಗಳಿಂದ ಅವನು ಅಲ್ಲೇ ಕೂತಿದ್ದಾನೆ. ಕುಣಿಯುವವನು ದೇವರೇ ಆದರೂ ತಾಳ ಹಿಡಿಯಲು ಬದಿಗೊಬ್ಬ ಬೇಕು ಎಂದು ಚಾಲುಕ್ಯರ ಶಿಲ್ಪಿಗೆ ಗೊತ್ತಿತ್ತು.

ಬನಶಂಕರಿಯ ನಾಟಕದ ಥಿಯೇಟರಿನಲ್ಲಿ

ಬನಶಂಕರಿ ಜಾತ್ರೆ ಎಂದರೆ ನಾಟಕ ಕಂಪನಿಗಳು. ಓದುವ ಅಜ್ಜ ಅಜ್ಜಿಯರಿಗೆ ಇದನ್ನು ಹೇಳಬೇಕಿಲ್ಲ. ಹುನಗುಂದ ಸೀಮೆಯ ಕಂದಗಲ್ಲಿನ ಹನುಮಂತರಾಯರು ಬರೆದ ‘ರಕ್ತರಾತ್ರಿ’ಯ ಹಾಡುಗಳನ್ನು ನಿದ್ದೆಗಣ್ಣಲ್ಲೂ ಹಾಡುವವರು ನಮ್ಮ ಕಡೆ ಇನ್ನೂ ಇದ್ದಾರೆ.

ಆಟ ಶುರುವಾಗಲು ಹೊತ್ತಿತ್ತು. ರಂಗದ ಬದಿಗೆ ಕೂತ ಪೇಟಿ ಮಾಸ್ತರರು ಚಹಾ ಕುಡಿಯುತ್ತಿದ್ದರು. ಮೊದಲು ಕಾಲಿನಿಂದ ಗಾಳಿ ಒತ್ತುವ ಹಾರ್ಮೋನಿಯಂ ನುಡಿಸುತ್ತಿದ್ದರಂತೆ. ಈಗ ಮುಂದೆ ಕೀಬೋರ್ಡ್ ಇದೆ. ಮೊಮ್ಮಗಳು ಅಂಜುತ್ತಲೇ ಕೇಳಿದಳು.

“ನಿಮ್ಮ ಮುಂದ ಕೋಲಿನವ ಯಾಂವಾ ಇಲ್ಲಲ್ರಿ. ಯಾವಾಗ ಶುರು ಮಾಡಬೇಕಂತ ಹೆಂಗ ಗೊತ್ತಾಕ್ಕೈತ್ರಿ?”

ಮಾಸ್ತರರು ನಕ್ಕರು. “ನಾ ಪೇಟಿ ನೋಡೂದಿಲ್ಲ ತಂಗಿ, ಪಾತ್ರದವರ ಮಾರಿ ನೋಡ್ತೀನಿ. ಮಾತ ಮುಗಿಯೂದ್ರಾಗ ಅವರು ಉಸರ ತಗೋತಾರ. ಆ ಉಸರಿಗೆ ನಾ ಸ್ವರ ಕೊಡಬೇಕು. ನಾ ಗೋಣ ಹಾಕಿದ್ರ ತಬಲಾದವ ಶುರು ಮಾಡ್ತಾನ.”

“ಅವರು ತಪ್ಪ ಸ್ವರದಾಗ ಹಾಡಿದ್ರ?”

“ಮಂದಿ ಮುಂದ ಅವರ್ನ ಬೈಯಾಕ ಆಕ್ಕೈತೇನು? ಕಾಳಿ ಎರಡರಾಗ ಹಾಡ್ಬೇಕಾದಾವ ಕಾಳಿ ಮೂರಕ್ಕ ಹೋದ್ರ, ನಾನೂ ಅಲ್ಲಿಗೇ ಹೋಗಿ ನಿಂದರ್ತೀನಿ. ಮಂದಿಗೆ ಗೊತ್ತಾಗಬಾರ್ದು.”

ಪೇಟಿಯ ಕಪ್ಪು ಮನೆಗಳಿಗೆ ‘ಕಾಳಿ’ ಎನ್ನುತ್ತಾರೆ. ಕಾಳಿ ಎರಡು ಎಂದರೆ ಎರಡನೇ ಕಪ್ಪು ಮನೆಯನ್ನು ಷಡ್ಜ ಮಾಡಿಕೊಂಡು ಹಾಡುವುದು. ಹಾಡುವವರ ಸ್ವರ ಏರಿದರೆ ಮಾಸ್ತರರ ಬೆರಳುಗಳು ಆ ಕ್ಷಣವೇ ಬೇರೆ ಮನೆಗಳಿಗೆ ಜಿಗಿಯಬೇಕು.

ಇಳಕಲ್ಲಿನ ಮೆರವಣಿಗೆಯಲ್ಲಿ

ಫೆಬ್ರವರಿಯಲ್ಲಿ ಇಳಕಲ್ಲಿಗೆ ನಂಟರ ಮದುವೆಗೆ ಹೊರಟೆವು. ಅಮೀನಗಡದಲ್ಲಿ ಕರದಂಟು ಕೊಂಡು, ಹುನಗುಂದ ದಾಟುವವರೆಗೆ ಕಥೆ ಹೇಳುತ್ತ ಹೋದೆ. ರಾಗವನ್ನು ಆ ಹೊತ್ತಿಗೆ ಹೊಳೆದಂತೆ ಬೆಳೆಸುವ ನಮ್ಮ ಕಲಾವಿದರೂ ಒಟ್ಟಾಗಿ ನುಡಿಸಬಲ್ಲರೆಂದು 1952ರಲ್ಲಿ ದೆಹಲಿಯ ಆಕಾಶವಾಣಿಯಲ್ಲಿ ವಾದ್ಯವೃಂದ ಶುರುವಾಯಿತು. ಅದನ್ನು ನಡೆಸಿದವರಲ್ಲಿ ಸಿತಾರಿನ ಪಂಡಿತ ರವಿಶಂಕರ ಒಬ್ಬರು. ಅದಕ್ಕೂ ಮೊದಲು, 1950ರ ಮೇ 22ರಂದು, ಜರ್ಮನಿಯ ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳನ್ನು ಲಂಡನ್ನಿನಲ್ಲಿ ದೊಡ್ಡ ಆರ್ಕೆಸ್ಟ್ರಾ ಮೊದಲ ಬಾರಿಗೆ ನುಡಿಸಿತು. ಕೋಲು ಹಿಡಿದವರು ಫುರ್ಟ್‌ವೆಂಗ್ಲರ್. ಅದರ ಖರ್ಚಿಗೆ ಹೊಣೆ ನಿಂತವರು ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರು!

ಇಳಕಲ್ಲಿನಲ್ಲಿ ಮೆರವಣಿಗೆಗೆ ಕರಡಿ ಮಜಲು ಬಂದಿತ್ತು. ಮಕ್ಕಳೇ, ಈ ಕರಡಿ ಕಾಡಿನ ಪ್ರಾಣಿಯಲ್ಲ. ಕೊರಳಿಗೆ ತೂಗುಹಾಕಿಕೊಂಡು ಬಾರಿಸುವ ಚರ್ಮವಾದ್ಯ. ಅದರ ಜೊತೆಗೆ ಸನಾದಿ, ಶ್ರುತಿ, ತಾಳ. ಸನಾದಿ ಎಂದರೆ ಶಹನಾಯಿ. ಅದರ ಬಾಯಲ್ಲಿ ಎರಡು ತೆಳು ಪೀಪಿಗಳು ಒಂದಕ್ಕೊಂದು ತಾಗಿ ನಡುಗಿ ನಾದ ಹುಟ್ಟುತ್ತದೆ. ಆರ್ಕೆಸ್ಟ್ರಾದ ಓಬೋ ಎಂಬ ವಾದ್ಯದಲ್ಲೂ ಹೀಗೆಯೇ. ಕಛೇರಿಗೆ ಮೊದಲು ಓಬೋದವನು ಒಂದು ಸ್ವರ ಹಿಡಿಯುತ್ತಾನೆ, ಉಳಿದವರೆಲ್ಲ ಅದಕ್ಕೆ ಶ್ರುತಿ ಮಾಡಿಕೊಳ್ಳುತ್ತಾರೆ. ಅಂದರೆ ಅಷ್ಟು ದೊಡ್ಡ ಆರ್ಕೆಸ್ಟ್ರಾಕ್ಕೆ ಶ್ರುತಿ ಕೊಡುವುದು ನಮ್ಮ ಸನಾದಿಯ ನೆಂಟ!

ಊಟದ ನಂತರ ಕರಡಿ ಬಾರಿಸುವ ಹಿರಿಯರ ಬಳಿ ಕೂತೆವು. ಅವರ ಮನೆಯಲ್ಲಿ ಮಗ್ಗವೂ ಇದೆಯಂತೆ. ತಾಳ ಬದಲಾಗುವುದು ಎಲ್ಲರಿಗೂ ಒಮ್ಮೆಲೇ ಹೇಗೆ ತಿಳಿಯುತ್ತದೆ ಎಂದು ಮೊಮ್ಮಗಳು ಕೇಳಿದಳು.

“ಬದಲ ಮಾಡೂ ಮುಂಚೆ ನಾ ಒಂದ ಪೆಟ್ಟ ಬ್ಯಾರೆ ಹೊಡಿತೀನಿ. ಅದು ಮಂದಿಗೆ ಕೇಳಸೂದಿಲ್ಲ, ನಮ್ಮವರಿಗೆ ಕೇಳಸ್ತೈತಿ” ಎಂದರು. ಆಮೇಲೆ ನನ್ನ ಹೆಂಡತಿ ಉಟ್ಟಿದ್ದ ಇಳಕಲ್ ಸೀರೆಯ ಕಡೆ ಕೈ ಮಾಡಿದರು. “ಆ ಸೀರಿ ಮೈ ಬ್ಯಾರೆ, ಸೆರಗ ಬ್ಯಾರೆ. ಎರಡರ ಎಳಿ ಕೊಂಡಿ ಹಾಕಿ ಕೂಡಸ್ತೀವಿ. ಒಂದ ಕೊಂಡಿ ತಪ್ಪಿದ್ರ ಅಲ್ಲೇ ಕಾಣಸ್ತೈತಿ. ಮೇಳಾನೂ ಹಂಗ.”

ಮೊಮ್ಮಗಳು ಆಗ ತನ್ನ ಗ್ಯಾದರಿಂಗಿನ ಕಥೆಯನ್ನು ಪೂರ್ತಿ ಹೇಳಿದಳು. ಅಷ್ಟು ಪೂರ್ತಿಯಾಗಿ ನನಗೂ ಹೇಳಿರಲಿಲ್ಲ. ಹಿರಿಯರು ನಗಲಿಲ್ಲ. “ನೀ ಬಾರ್ಸುವಾಗ ಬಾಜೂದಾಕಿ ಝಾಂಜ್ ಕೇಳಸ್ತಿತ್ತೇನು?”

“ಇಲ್ರಿ. ನಂದಽ ಕೇಳಸ್ತಿತ್ತು.”

“ಅಲ್ಲೇ ತಪ್ಪೇತಿ. ಬಾಜೂದವರ ಸಪ್ಪಳ ಕೇಳದಷ್ಟು ಜೋರ ಬಾರಸಬಾರ್ದು, ತಂಗಿ. ಕೇಳಿಸೂ ತನಕ ಮೇಳ ಕೆಡೂದಿಲ್ಲ.”

ಏಳುವಾಗ ಅವರು ನನ್ನ ಕಡೆ ತಿರುಗಿ ಹೇಳಿದ ಮಾತು ಮನಸ್ಸಿನಲ್ಲಿ ಉಳಿದಿದೆ. ಈಗ ಮದುವೆಗೆ ಡಿಜೆ ಬಂದಿದೆ. ತಮ್ಮ ಮೇಳದಲ್ಲಿ ಎಲ್ಲರದೂ ನೆರೆತ ತಲೆಯೇ. “ಹಿಂಗ ಬಂದ ಕೇಳಿದ ಹುಡುಗಿ ಇಕಿನಽ ಮೊದಲ್ನೇದಾಕಿ.”

ಮರುವಾರ ನಮ್ಮ ಮಾಳಿಗೆಯ ಮೇಲೆ ಐದು ಹುಡುಗಿಯರು ಝಾಂಜ್ ಹಿಡಿದು ಕೂತಿದ್ದರು. ಮೊದಲ ದಿನ ಮತ್ತೆ ಓಡಿದರು. ಎರಡನೇ ದಿನ ಕಣ್ಣು ಮುಚ್ಚಿಕೊಂಡು, ಮೆಲ್ಲಗೆ, ಮುಗಿಯುವತನಕ ಬಾರಿಸಿದರು. ಅಂದು ರಾತ್ರಿ ಮೊಮ್ಮಗಳು ಅದೇ ವಿಡಿಯೋ ಹಚ್ಚಿಕೊಂಡು ನನ್ನನ್ನು ಕರೆದಳು.

“ಅಜ್ಜಾ, ಇಂವ ಸುಮ್ನ ನಿಂತಿಲ್ಲ. ಎಲ್ಲಾರದೂ ಕೇಳಾಕತ್ತಾನ.”

ನೀವೂ ಮಾಡಿ ನೋಡಿ

ನಾಲ್ಕೈದು ಜನ ತಟ್ಟೆ, ಚಮಚ ಹಿಡಿದು ಸುತ್ತ ಕೂತುಕೊಳ್ಳಿ. ಒಬ್ಬರು ಎಂಟು ಎಣಿಕೆಯ ತಾಳ ಶುರು ಮಾಡಲಿ, ಉಳಿದವರು ಒಬ್ಬೊಬ್ಬರಾಗಿ ಸೇರಲಿ. ಪಕ್ಕದವರ ತಟ್ಟೆ ಕೇಳದಿದ್ದರೆ ನಿಮ್ಮದನ್ನು ಮೆಲ್ಲಗೆ ಮಾಡಿ. ಬಂದಮೇಲೆ ಕಣ್ಣು ಮುಚ್ಚಿ ಬಾರಿಸಿ.

ನಿಮ್ಮೂರಿನ ಭಜನೆ, ಡೊಳ್ಳು, ಸನಾದಿಯ ಹಿರಿಯರ ಹತ್ತಿರ ಅಜ್ಜ ಅಜ್ಜಿಯ ಕೈ ಹಿಡಿದು ಹೋಗಿ, ಮೂರು ಪ್ರಶ್ನೆ ಕೇಳಿ: ನಿಮಗೆ ಕಲಿಸಿದವರು ಯಾರು? ಬಾರಿಸುವಾಗ ಯಾರ ಕಡೆ ನೋಡುತ್ತೀರಿ? ತಪ್ಪಿದರೆ ಹೇಗೆ ಕೂಡಿಕೊಳ್ಳುತ್ತೀರಿ? ಅವರು ಹೇಳಿದ್ದನ್ನು ವಹಿಯಲ್ಲಿ ಬರೆದಿಡಿ.