ತೊಳೆದಿಟ್ಟ ಸ್ಕ್ರೀನ್, ಉಳಿದ ಕಾಸು

ಮದುವೆ ಕಾರ್ಡು, ತಾಂಬೂಲದ ಬಟ್ಟೆ ಚೀಲ, ದುಪಟ್ಟಾ... ನೀವೂ ಮನೆಯಲ್ಲೇ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತೀರಾ? ಬಿಡುವಿನ ವೇಳೆಯಲ್ಲಿ ನಾಲ್ಕು ಕಾಸು ಕೈಗೆ ಬರುವ ಕೆಲಸವೇನೋ ನಿಜ. ಆದರೆ ಪ್ರತಿ ಡಿಸೈನ್‌ಗೂ ಹೊಸ ಸ್ಕ್ರೀನ್ ಕೊಳ್ಳುತ್ತಾ ಹೋದರೆ ಲಾಭವೆಲ್ಲ ಅಲ್ಲೇ ಕರಗಿಹೋಗುತ್ತದೆ. ಜೋಪಾನವಾಗಿ ನೋಡಿಕೊಂಡರೆ ಒಂದೇ ಸ್ಕ್ರೀನನ್ನು ಮತ್ತೆ ಮತ್ತೆ ಹೊಸ ಡಿಸೈನ್‌ಗೆ ಬಳಸಬಹುದು. ಹೇಗೆ ಅಂತೀರಾ?

* ಪ್ರಿಂಟ್ ಮುಗಿದ ಕೂಡಲೇ ಸ್ಕ್ರೀನ್ ತೊಳೆಯಿರಿ. ‘ಊಟ ಆದ್ಮೇಲೆ ನೋಡಿದರಾಯ್ತು’ ಅಂದುಕೊಂಡರೆ ಕೆಟ್ಟಿತು! ಬಟ್ಟೆಯ ಬಣ್ಣದಲ್ಲಿರುವ ಬೈಂಡರ್ ಒಣಗಿದರೆ ಜಾಲರಿಯ ರಂಧ್ರಗಳು ಮುಚ್ಚಿಹೋಗುತ್ತವೆ. ಹಸಿ ಇದ್ದಾಗ ತಣ್ಣೀರು, ಮೆತ್ತನೆಯ ಸ್ಪಂಜು ಸಾಕು.

* ಕಾರ್ಡಿಗೆ ಬಳಸುವ ಎಣ್ಣೆ ಇಂಕ್‌ಗೆ ನೀರು ಸಾಲದು. ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಒರೆಸಿ. ಕಿಟಕಿ ತೆರೆದಿರಲಿ. ಒಲೆ, ದೇವರ ದೀಪ ಹತ್ತಿರ ಇರುವುದು ಬೇಡ.

* ಅದೇ ಡಿಸೈನ್ ಮತ್ತೆ ಬೇಕಾದೀತು ಅನ್ನಿಸಿದರೆ ಹಾಗೇ ಒಣಗಿಸಿ, ಫ್ರೇಮಿನ ಮೇಲೆ ಹೆಸರು ಬರೆದು ನೆಟ್ಟಗೆ ನಿಲ್ಲಿಸಿಡಿ. ಒಂದರ ಮೇಲೊಂದು ಪೇರಿಸಿದರೆ ಜಾಲರಿ ಹರಿಯಬಹುದು.

* ಡಿಸೈನ್ ಬೇಡವಾದಾಗ ಎಮಲ್ಷನ್ ರಿಮೂವರನ್ನು ಎರಡೂ ಬದಿಗೆ ಬ್ರಷ್‌ನಿಂದ ಹಚ್ಚಿ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಪೈಪಿನ ನೀರನ್ನು ಜೋರಾಗಿ ಹಾಯಿಸಿ. ನೆನಪಿರಲಿ, ರಿಮೂವರ್ ಜಾಲರಿಯ ಮೇಲೆಯೇ ಒಣಗಿದರೆ ಎಮಲ್ಷನ್ ಮತ್ತೆ ಬಿಡುವುದೇ ಇಲ್ಲ. ಕೊನೆಗೆ ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ಜಿಡ್ಡು ತೆಗೆದು, ಪೂರ್ತಿ ಒಣಗಿಸಿದ ನಂತರವೇ ಹೊಸ ಎಮಲ್ಷನ್ ಬಳಿಯಿರಿ.

* ರಿಮೂವರ್ ಬದಲು ಬ್ಲೀಚ್ ಬಳಸುವವರಿದ್ದಾರೆ. ಅದು ನೈಲಾನ್ ಮತ್ತು ರೇಷ್ಮೆ ಜಾಲರಿಯನ್ನು ಹಾಳು ಮಾಡುತ್ತದೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಸೇರಿದರಂತೂ ವಿಷಾನಿಲ ಹೊರಡುತ್ತದೆ, ಜೋಕೆ!

* ಎಮಲ್ಷನ್‌ಗೆ ಬೆರೆಸುವ ಕಿತ್ತಳೆ ಬಣ್ಣದ ಬೈಕ್ರೋಮೇಟ್ ಚರ್ಮಕ್ಕೆ ಕಜ್ಜಿ ತರುತ್ತದೆ, ಕ್ಯಾನ್ಸರ್‌ಕಾರಕವೂ ಹೌದು. ಸಾಧ್ಯವಾದರೆ ಡಯಾಜೋ ಎಮಲ್ಷನ್ ಕೇಳಿ ತನ್ನಿ. ಯಾವುದೇ ಆದರೂ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಅಡುಗೆಮನೆಯ ಸಿಂಕು, ಅಡುಗೆಯ ಪಾತ್ರೆ ಖಂಡಿತಾ ಬೇಡ. ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ.

* ಮರದ ಫ್ರೇಮನ್ನು ನೀರಲ್ಲಿ ನೆನೆಹಾಕಬೇಡಿ, ಸೊಟ್ಟಗಾಗುತ್ತದೆ. ಮೊದಲೇ ವಾರ್ನಿಷ್ ಬಳಿದಿಟ್ಟರೆ ಒಳ್ಳೆಯದು. ಜಾಲರಿ ಸಡಿಲವಾದರೆ ಪ್ರಿಂಟ್ ಕದಡುತ್ತದೆ. ಆಗ ಫ್ರೇಮ್ ಎಸೆಯದೆ, ಅದಕ್ಕೇ ಹೊಸ ಜಾಲರಿ ಬಿಗಿಸಿ.

ಎಂಜಲು ಪಾತ್ರೆಯನ್ನು ಒಣಗಲು ಬಿಟ್ಟರೆ ಉಜ್ಜುವ ಕಷ್ಟ ನಿಮಗೆ ಗೊತ್ತೇ ಇದೆ. ಸ್ಕ್ರೀನಿನ ಕಥೆಯೂ ಅಷ್ಟೇ. ಹತ್ತು ನಿಮಿಷದ ಸೋಮಾರಿತನ ಬಿಟ್ಟರೆ ಹೊಸ ಸ್ಕ್ರೀನಿನ ದುಡ್ಡು ನಿಮ್ಮ ಪರ್ಸಿನಲ್ಲೇ ಉಳಿಯುತ್ತದೆ, ಅಲ್ಲವೇ?