ಕಾಲ್ನಡಿಗೆಗೆ ಹೊರಡುವ ಮುನ್ನ ಪಾದ ನೋಡಿಕೊಳ್ಳಿ

ಶಿವರಾತ್ರಿ ಹತ್ತಿರ ಬಂತೆಂದರೆ ಕುಣಿಗಲ್, ಯಡಿಯೂರು ರಸ್ತೆಯಲ್ಲಿ ಧರ್ಮಸ್ಥಳಕ್ಕೆ ನಡೆದು ಹೋಗುವವರು ಕಾಣಿಸುತ್ತಾರೆ. ಗುಂಪು ಕಟ್ಟಿಕೊಂಡು ಹೋಗುವವರೇ ಹೆಚ್ಚು. ಬೆನ್ನಿಗೊಂದು ಚೀಲ ಏರಿಸಿ ಒಬ್ಬರೇ ಹೊರಡುವವರೂ ಇದ್ದಾರೆ. ಈ ಮಾತು ಅವರಿಗೆ, ಮತ್ತು ಅವರನ್ನು ಕಳಿಸಿಕೊಡುವ ಮನೆಯವರಿಗೆ.

ತುಮಕೂರಿನ ಶೆಟ್ಟಿಹಳ್ಳಿಯ ನಿವೃತ್ತ ನೌಕರರೊಬ್ಬರು ನನ್ನ ಹಳೆಯ ರೋಗಿ. ಬಹಳ ವರ್ಷಗಳ ಸಕ್ಕರೆ ಕಾಯಿಲೆ. ಹರಕೆಯಿತ್ತು, ಒಬ್ಬರೇ ಹೊರಟರು. ಕುಣಿಗಲ್, ಹಾಸನ, ಬೇಲೂರು, ಮೂಡಿಗೆರೆ ದಾಟಿ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದರೆ ಉಜಿರೆ. 250 ಕಿಲೋಮೀಟರಿಗೂ ಮೀರಿದ ದಾರಿ. ಅಟ್ಟದಲ್ಲಿದ್ದ ಮಗನ ಬೂಟು ಹಾಕಿಕೊಂಡಿದ್ದರು. ಯಡಿಯೂರು ಮುಟ್ಟುವಷ್ಟರಲ್ಲಿ ಅದರ ತಳ ಕಳಚಿ ಬಿತ್ತು. ದಾರಿಯಲ್ಲಿ ಕೊಂಡ ಹವಾಯಿ ಚಪ್ಪಲಿಯ ಬಾರೂ ಕಿತ್ತು ಬಂತು. ಕಾದ ಟಾರಿನ ಮೇಲೆ ಒಂದಷ್ಟು ದೂರ ಬರಿಗಾಲಲ್ಲೇ ನಡೆದರು. ರಾತ್ರಿ ಚೀಲ ಬಿಚ್ಚಿದರೆ ಮಾತ್ರೆಯ ಡಬ್ಬಿ ಇಲ್ಲ, ಮನೆಯ ಕಿಟಕಿಯ ಮೇಲೇ ಉಳಿದಿತ್ತು.

ಕಾಲು ನೋಯಲಿಲ್ಲವಂತೆ. ಅದನ್ನು ದೇವರ ದಯೆ ಎಂದುಕೊಂಡು ಮುಂದೆ ನಡೆದರು. ಆದರೆ ನೋವಿಲ್ಲದ್ದೇ ಅಪಾಯ. ಸಕ್ಕರೆ ಕಾಯಿಲೆ ಹಳತಾದಂತೆ ಪಾದದ ನರಗಳು ಮಂಕಾಗುತ್ತವೆ. ಚುಚ್ಚಿದರೂ ಸುಟ್ಟರೂ ತಿಳಿಯುವುದಿಲ್ಲ. ಅವರು ನನ್ನಲ್ಲಿಗೆ ಬಂದಾಗ ನೀರುಗುಳ್ಳೆ ಒಡೆದು, ಹುಣ್ಣಾಗಿ, ಕೀವು ಮೂಳೆಯವರೆಗೆ ಇಳಿದಿತ್ತು. ಬಲಗಾಲಿನ ಕಿರುಬೆರಳನ್ನು ತೆಗೆಯಬೇಕಾಯಿತು.

ಇದರಲ್ಲಿ ನನ್ನ ತಪ್ಪೂ ಇದೆ. ಹೊರಡುವ ಮುನ್ನ ಅವರು ನನ್ನನ್ನು ಕೇಳಿದ್ದರು. ರಕ್ತದೊತ್ತಡ ನೋಡಿದೆ, ಸಕ್ಕರೆ ನೋಡಿದೆ, ‘ನಡಿಗೆ ಒಳ್ಳೆಯದೇ, ಹೋಗಿ ಬನ್ನಿ’ ಎಂದೆ. ಚಪ್ಪಲಿ ಬಿಡಿಸಿ ಪಾದ ನೋಡಲಿಲ್ಲ.

ಬೂಟಿನ ತಳ ಏಕೆ ಕಳಚಿತು? ಅನೇಕ ಬೂಟುಗಳ ಮೆತ್ತನೆಯ ತಳ ಪಾಲಿಯುರಿಥೇನ್ ಎಂಬ ವಸ್ತುವಿನದು. ಗಾಳಿಯ ತೇವಾಂಶ ಅದನ್ನು ಒಳಗಿನಿಂದ ಶಿಥಿಲಗೊಳಿಸುತ್ತದೆ. ಹಾಕದೆ ವರ್ಷಗಟ್ಟಲೆ ಇಟ್ಟ ಬೂಟು ನೋಡಲು ಹೊಸದರಂತಿದ್ದರೂ ನಡೆದಾಗ ಪುಡಿಯಾಗಬಹುದು. ಹಾಗೆಂದು ಅಂಗಡಿಯಿಂದ ತಂದ ಹೊಸ ಬೂಟಿನಲ್ಲೇ ಹೊರಡಬೇಡಿ. ಎರಡು ಮೂರು ವಾರ ಮೊದಲೇ ಕೊಂಡು ಪಳಗಿಸಿ. ಸಂಜೆ ಹೊತ್ತು ಪಾದ ತುಸು ಊದಿರುತ್ತದೆ, ಅಳತೆ ನೋಡಲು ಆಗಲೇ ಸರಿ. ಬೆವರಿನಿಂದ ಒದ್ದೆಯಾದ ಕಾಲುಚೀಲವನ್ನು ಆಗಾಗ ಬದಲಿಸಿ. ಚಿಕ್ಕ ನೀರುಗುಳ್ಳೆಯನ್ನು ಒಡೆಯದೆ ಬ್ಯಾಂಡೇಜಿನಿಂದ ಮುಚ್ಚಿ. ಸಕ್ಕರೆ ಕಾಯಿಲೆಯವರು ಎಷ್ಟು ಚಿಕ್ಕದಾದರೂ ವೈದ್ಯರಿಗೆ ತೋರಿಸಬೇಕು. ದಿನವೂ ಸಂಜೆ ಅಂಗಾಲನ್ನು ಕನ್ನಡಿ ಹಿಡಿದು ನೋಡಿಕೊಳ್ಳಿ.

ಮಾತ್ರೆಯನ್ನು ಎರಡು ಪಾಲು ಮಾಡಿ, ಒಂದು ಚೀಲದಲ್ಲಿ, ಒಂದು ಜೇಬಿನಲ್ಲಿ ಇರಲಿ. ಮಾತ್ರೆಯ ಹೆಸರು ಬರೆದ ಚೀಟಿಯಿದ್ದರೆ ಯಾವ ಊರಿನ ವೈದ್ಯರಾದರೂ ಬರೆದುಕೊಟ್ಟಾರು. ಒಂದು ಹೊತ್ತಿನದು ತಪ್ಪಿತೆಂದು ಮುಂದಿನ ಹೊತ್ತಿಗೆ ಎರಡು ನುಂಗಬೇಡಿ. ಕೆಲವು ಮಾತ್ರೆಗಳಿಂದ, ಇನ್ಸುಲಿನ್‌ನಿಂದ, ದಿನವಿಡೀ ನಡೆದಾಗ ಸಕ್ಕರೆ ತೀರಾ ಇಳಿಯಬಹುದು. ಎಷ್ಟು ಕಡಿಮೆ ಮಾಡಬೇಕೆಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಕೈ ನಡುಗಿ, ಮೈ ಬೆವರಿ, ತಲೆ ಮಂಕಾದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಿರಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ.

ಜೊತೆಗಾರರಿದ್ದರೆ ‘ಏಕಪ್ಪಾ, ಮಾತು ತೊದಲುತ್ತಿದೆ?’ ಎಂದಾರು. ಒಬ್ಬರೇ ಇದ್ದಾಗ ಕೇಳುವವರಿಲ್ಲ, ತಲೆ ಮಂಕಾದದ್ದು ಮಂಕಾದ ತಲೆಗೆ ತಿಳಿಯುವುದೂ ಇಲ್ಲ. ಆದ್ದರಿಂದ ಹೆಸರು, ಕಾಯಿಲೆ, ಮನೆಯ ಫೋನ್ ನಂಬರು ಬರೆದ ಕಾಗದ ಅಂಗಿಯ ಜೇಬಿನಲ್ಲಿರಲಿ. ಫೋನಿನ ಬ್ಯಾಟರಿ ಮುಗಿದೀತು, ಕಾಗದ ಮುಗಿಯುವುದಿಲ್ಲ. ಬಿಸಿಲಿಗೆ ಮೈ ಕಾದು ಬಡಬಡಿಸುವವರು ದಾರಿಯಲ್ಲಿ ಕಂಡರೆ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು ಗಾಳಿ ಹಾಕಿ, 108ಕ್ಕೆ ಕರೆ ಮಾಡಿ.

ನಮ್ಮ ಶೆಟ್ಟಿಹಳ್ಳಿಯವರು ಮತ್ತೆ ಹೋಗುತ್ತೇನೆಂದು ಕೇಳುತ್ತಿದ್ದಾರೆ. ಗಾಯ ಪೂರ್ತಿ ಮಾಯಲಿ, ಜೊತೆಗೆ ಯಾರು ಬರುತ್ತಾರೆಂದು ಗೊತ್ತುಮಾಡಿಕೊಂಡು ಬನ್ನಿ ಎಂದಿದ್ದೇನೆ.